ಮರದ ಶೆಡ್ಡಿಗೆ ಅಗಸೆ ಎಣ್ಣೆ: ಮೂರು ವರ್ಷಗಳ ಬಳಕೆಯ ಅನುಭವ

ಚಿಕ್ಕಬಳ್ಳಾಪುರದಿಂದ ನಂದಿಯ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮ ತೋಟದಲ್ಲಿ ಗುದ್ದಲಿ, ಸ್ಪ್ರೇಯರು, ಡ್ರಿಪ್ ಪೈಪುಗಳನ್ನು ಇಡಲು ಸಿಲ್ವರ್ ಓಕ್ ಹಲಗೆಗಳ ಸಣ್ಣದೊಂದು ಶೆಡ್ಡಿದೆ. ಮೊದಲು ಅದಕ್ಕೆ ಹಸಿರು ಎನಾಮೆಲ್ ಬಣ್ಣ ಬಳಿಸಿದ್ದೆ. ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಪಡುವಣ ಗೋಡೆಯ ಬಣ್ಣ ಹಪ್ಪಳದಂತೆ ಉಬ್ಬಿತು. ಹಲಗೆಗಳ ಕೊಯ್ದ ತುದಿಗಳಿಗೆ ಬ್ರಷ್ಷನ್ನೇ ಮುಟ್ಟಿಸಿರಲಿಲ್ಲ. ಮರದ ನಾಳಗಳು ಅಲ್ಲಿ ಬಾಯ್ತೆರೆದಿರುವುದರಿಂದ ಮಳೆಯ ನೀರು ಅಲ್ಲಿಂದಲೇ ಒಳಸೇರಿ, ಬಿಸಿಲೇರಿದಾಗ ಹೊರಬರಲು ದಾರಿಯಿಲ್ಲದೆ ಬಣ್ಣದ ಪದರವನ್ನೇ ಎತ್ತಿಹಾಕಿತ್ತು.

ಪಿಂಚಣಿಯಲ್ಲಿ ಬದುಕುವ ನನಗೆ ಎರಡು ವರ್ಷಕ್ಕೊಮ್ಮೆ ಬಣ್ಣ ಕೆರೆಸಿ ಮತ್ತೆ ಬಳಿಸುವುದು ದುಬಾರಿ. ಹಾಗಾಗಿ ಇದ್ದಷ್ಟು ಬಣ್ಣವನ್ನು ಕೆರೆದು, ಬೇಗ ಒಣಗುವಂತೆ ಸಂಸ್ಕರಿಸಿದ, ಡಬಲ್ ಬಾಯ್ಲ್ಡ್ ಎಂದು ಕರೆಯುವ ಅಗಸೆ ಎಣ್ಣೆಗೆ ಬದಲಾದೆ. ಅದು ಮೇಲೆ ಪದರವಾಗಿ ಕೂರದೆ ಮರದೊಳಗೆ ಇಳಿಯುವುದರಿಂದ ಸಿಪ್ಪೆ ಏಳುವ ಪ್ರಶ್ನೆಯೇ ಇಲ್ಲ. ಬರಿಯ ಎಣ್ಣೆ ಬಿಸಿಲನ್ನು ತಡೆಯದು. ಅದಕ್ಕೆಂದು ನೆಲಕ್ಕೆ ಹಾಕುವ ರೆಡ್ ಆಕ್ಸೈಡ್ ಪುಡಿಯನ್ನು ಬೆರೆಸುತ್ತೇನೆ. ಶೆಡ್ಡು ಈಗ ಹಳೆಯ ಮನೆಗಳ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದೆ.

ನಿರೀಕ್ಷಿಸದೆ ದೊರೆತ ಸಂತೋಷವೆಂದರೆ ಎಣ್ಣೆ ಹಚ್ಚುವ ದಿನ. ಹಿಂಗಾರು ಮಳೆ ಮುಗಿದು ಮರ ಒಣಗಿರುತ್ತದೆಯಾದ್ದರಿಂದ, ಸಂಕ್ರಾಂತಿ ಕಳೆದ ಮೊದಲ ಭಾನುವಾರವನ್ನು ಅದಕ್ಕೆಂದೇ ಮೀಸಲಿಟ್ಟಿದ್ದೇನೆ. ಬೆಳಗಿನ ಇಬ್ಬನಿ ಆರಿದ ಮೇಲೆ, ಬಿಸಿಲು ಇನ್ನೂ ತಲುಪದ ಪಡುವಣ ಗೋಡೆಯಿಂದ ಆರಂಭಿಸಿ, ಮೊದಲು ಕೊಯ್ದ ತುದಿಗಳಿಗೆ, ಅವು ಕುಡಿಯುವುದನ್ನು ನಿಲ್ಲಿಸುವವರೆಗೆ, ಮೂರು ನಾಲ್ಕು ಬಾರಿ ಹಚ್ಚುತ್ತೇನೆ. ನನ್ನ ಮನೆಯಾಕೆ ಇದನ್ನು ಶೆಡ್ಡಿನ ಎಣ್ಣೆಸ್ನಾನವೆಂದು ಹಾಸ್ಯ ಮಾಡುತ್ತಾಳೆ. ಇಪ್ಪತ್ತು ನಿಮಿಷದ ನಂತರ ಮೇಲೆ ಉಳಿದ ಎಣ್ಣೆಯನ್ನು ಒರೆಸಲೇಬೇಕು. ಮೊದಲ ವರ್ಷ ಸೋಮಾರಿತನದಿಂದ ಬಿಟ್ಟ ಕಡೆಯಲ್ಲೆಲ್ಲ ತಿಂಗಳುಗಟ್ಟಲೆ ಅಂಟು ಹಿಡಿದು ಧೂಳು ಮೆತ್ತಿಕೊಂಡಿತ್ತು. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬಾರದು. ಈ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಲ್ಲಿ ಆ ಬಿಸಿ ಕೂಡಿ ತಾನಾಗಿಯೇ ಬೆಂಕಿ ಹತ್ತಬಹುದು. ನಾನು ಅವುಗಳನ್ನು ಕಲ್ಲಿನ ಮೇಲೆ ಬಿಡಿಸಿ ಹರವುತ್ತೇನೆ.

ಇಷ್ಟೆಲ್ಲ ಹೊಗಳಿದ ಮೇಲೆ ಬಡಗಣ ಗೋಡೆಯ ವಿಷಯವನ್ನು ಮುಚ್ಚಿಡುವಂತಿಲ್ಲ. ಮಾವಿನ ಮರದ ನೆರಳಿನಲ್ಲಿರುವ ಆ ಗೋಡೆಗೆ ಎರಡನೆಯ ವರ್ಷವೇ ಕಪ್ಪು ಬೂಷ್ಟು ಹಿಡಿಯಿತು. ಅಗಸೆ ಎಣ್ಣೆ ಬೂಷ್ಟಿಗೆ ಆಹಾರವೇ ಆಗುತ್ತದೆಂಬ ಮಾತನ್ನು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ, ಡಬ್ಬಿಯ ಮೇಲೂ ಬರೆದಿರಲಿಲ್ಲ. ಉಜ್ಜಿ ತೊಳೆದು ಒಣಗಿಸಿ ಮತ್ತೆ ಹಚ್ಚಿದರೆ ಮುಂದಿನ ಮಳೆಗೆ ಅದೇ ಕಥೆ. ಗೆದ್ದಲಿಗೂ ಇದು ಮದ್ದಲ್ಲ. ಶೆಡ್ಡು ಒಂದಡಿ ಎತ್ತರದ ಕಲ್ಲುಕೂಚಗಳ ಮೇಲೆ ನಿಂತಿರುವುದರಿಂದ ಮೇಲೇರುವ ಮಣ್ಣಿನ ಗೆರೆಗಳು ಕಣ್ಣಿಗೆ ಬೀಳುತ್ತವೆ, ವಾರಕ್ಕೊಮ್ಮೆ ಪೊರಕೆಯಿಂದ ಗುಡಿಸಿಹಾಕುತ್ತೇನೆ.

ಬಿಸಿಲು ಗಾಳಿ ಆಡುವ ಮೂರು ಗೋಡೆಗಳಿಗೆ ಇದನ್ನೇ ಮತ್ತೆ ಕೊಳ್ಳುತ್ತೇನೆ. ವರ್ಷಕ್ಕೆ ಎರಡು ಲೀಟರು ಸಾಕು. ಬಡಗಣ ಗೋಡೆಗೆ ಮಾತ್ರ ಈ ಸಲ ಬೂಷ್ಟುನಿರೋಧಕ ಬೆರೆತ ವುಡ್ ಸ್ಟೇನ್ ಎಂಬ ತೆಳು ಮರಬಣ್ಣ ತಂದಿಟ್ಟಿದ್ದೇನೆ, ಮಾವಿನ ಎರಡು ಕೊಂಬೆಗಳನ್ನೂ ಕಡಿಸಿದ್ದೇನೆ.