ಹ್ಯಾವ್ ಐ ಬೀನ್ ಪೋನ್ಡ್: ಸೈಟ್ ಚೆನ್ನಾಗಿದೆ, ಆದರೆ ನಮ್ಮ ಫೋನ್ ನಂಬರ್ ಗತಿ?

ಯಾವುದೋ ದೊಡ್ಡ ಕಂಪನಿ ಹ್ಯಾಕ್ ಆಯ್ತು ಅಂತ ಸುದ್ದಿ ಬಂದಾಗಲೆಲ್ಲ ನಮ್ಮ ಫ್ಯಾಮಿಲಿ ಗ್ರೂಪ್‌ನಲ್ಲಿ ಒಂದೇ ಪ್ರಶ್ನೆ, ನಮ್ಮದೂ ಹೋಯ್ತಾ? ನಾನು ಕಳಿಸುವ ಲಿಂಕೂ ಒಂದೇ, ಹ್ಯಾವ್ ಐ ಬೀನ್ ಪೋನ್ಡ್ (haveibeenpwned.com), ಅಂದರೆ ‘ನನ್ನದೂ ಹ್ಯಾಕ್ ಆಗಿದೆಯಾ’ ಅಂತ. ಆಸ್ಟ್ರೇಲಿಯಾದ ಸೈಬರ್ ಭದ್ರತೆ ತಜ್ಞ ಟ್ರಾಯ್ ಹಂಟ್ 2013ರ ಡಿಸೆಂಬರ್‌ನಲ್ಲಿ ಶುರು ಮಾಡಿದ ಸೈಟ್ ಇದು. ಅದೇ ವರ್ಷ ಸಾಫ್ಟ್‌ವೇರ್ ಕಂಪನಿ ಅಡೋಬಿಯಿಂದ 15 ಕೋಟಿಗೂ ಜಾಸ್ತಿ ಖಾತೆಗಳ ಮಾಹಿತಿ ಸೋರಿಹೋಗಿತ್ತು, ಸೈಟಿಗೆ ಪ್ರೇರಣೆ ಅದೇ. ನಿಮ್ಮ ಈಮೇಲ್ ಹಾಕಿದರೆ ಅದು ಯಾವ ಯಾವ ಸೋರಿಕೆಯಲ್ಲಿ ಸಿಕ್ಕಿದೆ, ಅದರ ಜೊತೆ ಏನೇನು ಹೋಗಿದೆ ಅಂತ ತೋರಿಸುತ್ತದೆ. ದುಡ್ಡು ಬೇಡ, ಲಾಗಿನ್ ಬೇಡ. 2025ರ ಮೇನಲ್ಲಿ ಹೊಸ ರೂಪ ಬಂದ ಮೇಲೆ, ಈಮೇಲ್ ಎಲ್ಲೂ ಸಿಕ್ಕಿಲ್ಲ ಅಂದರೆ ಪರದೆ ತುಂಬ ಬಣ್ಣದ ಕಾಗದದ ಚೂರು ಸುರಿಸುತ್ತದೆ. ನನಗಂತೂ ಆ ಭಾಗ್ಯ ಸಿಗಲಿಲ್ಲ, ಯಾವಾಗಲೋ ಖಾತೆ ತೆರೆದು ಮರೆತೇಹೋಗಿದ್ದ ಆಪ್‌ಗಳೆಲ್ಲ ಸಾಲಾಗಿ ಬಂದು ನಿಂತವು.

ಇದು ಬರೀ ಹೊರದೇಶದ ಕಥೆ ಅಂದುಕೊಳ್ಳಬೇಡಿ. ನಮ್ಮ ಬೆಂಗಳೂರಿನ ಬಿಗ್‌ಬಾಸ್ಕೆಟ್‌ನಿಂದ 2020ರ ಅಕ್ಟೋಬರ್‌ನಲ್ಲಿ 2 ಕೋಟಿಗೂ ಹೆಚ್ಚು ಗ್ರಾಹಕರ ಮಾಹಿತಿ ಹೋಯಿತು. ಹೆಸರು, ವಿಳಾಸ, ಫೋನ್ ನಂಬರ್, ಹುಟ್ಟಿದ ದಿನ, ಎಲ್ಲವೂ. ಮುಂದಿನ ಏಪ್ರಿಲ್‌ನಲ್ಲಿ ಶೈನಿಹಂಟರ್ಸ್ ಅನ್ನುವ ಗುಂಪು ಅದನ್ನು ಹ್ಯಾಕರ್‌ಗಳ ಅಡ್ಡಾದಲ್ಲಿ ಬಿಟ್ಟಿ ಹಂಚಿತು! ಡೊಮಿನೋಸ್ ಇಂಡಿಯಾದ್ದು 2021ರಲ್ಲಿ ಹೊರಬಿತ್ತು, ಅದರಲ್ಲಿ ಯಾರು ಏನು ಆರ್ಡರ್ ಮಾಡಿದ್ದರು ಅನ್ನುವುದೂ ಇತ್ತು. ಇವೆರಡೂ ಈ ಸೈಟಿನ ಪಟ್ಟಿಯಲ್ಲಿವೆ.

ನನಗೆ ಜಾಸ್ತಿ ಇಷ್ಟವಾದದ್ದು ಪಾಸ್‌ವರ್ಡ್ ಪರೀಕ್ಷೆ, ನಿಮ್ಮ ಪಾಸ್‌ವರ್ಡ್ ಯಾವುದಾದರೂ ಸೋರಿಕೆಯಲ್ಲಿ ಸಿಕ್ಕಿದೆಯಾ ಅಂತ ನೋಡುವುದು. ಪಾಸ್‌ವರ್ಡನ್ನು ಯಾವುದೋ ಸೈಟಿಗೆ ಟೈಪ್ ಮಾಡೋದಾ ಅಂತ ಹೆದರುವವರಿಗೆ ಹೇಳ್ತೀನಿ, ಪಾಸ್‌ವರ್ಡ್ ಅಲ್ಲಿಗೆ ಹೋಗುವುದೇ ಇಲ್ಲ. ನಿಮ್ಮ ಬ್ರೌಸರ್ ಅದನ್ನು ಹ್ಯಾಶ್ ಮಾಡಿ, ಅಂದರೆ ವಾಪಸ್ ಬಿಡಿಸಲಾಗದ ಒಂದು ಸಂಕೇತವಾಗಿ ಬದಲಾಯಿಸಿ, ಆ ಹ್ಯಾಶ್‌ನ ಮೊದಲ 5 ಅಕ್ಷರ ಮಾತ್ರ ಕಳಿಸುತ್ತದೆ. ಆ 5 ಅಕ್ಷರದಿಂದ ಶುರುವಾಗುವ ಹ್ಯಾಶ್‌ಗಳೆಲ್ಲ ವಾಪಸ್ ಬರುತ್ತವೆ, ನಿಮ್ಮದು ಅದರಲ್ಲಿದೆಯಾ ಅಂತ ನಿಮ್ಮ ಬ್ರೌಸರೇ ನೋಡಿಕೊಳ್ಳುತ್ತದೆ. ಒಳ್ಳೆ ತಲೆ ಓಡಿಸಿದ್ದಾರೆ, ಅಲ್ವಾ?

ಈಗ ದೂರು. ಮೊದಲು ಫೋನ್ ನಂಬರ್ ಹಾಕಿಯೂ ಹುಡುಕಬಹುದಿತ್ತು, 2021ರಲ್ಲಿ ಫೇಸ್‌ಬುಕ್‌ನ 53 ಕೋಟಿ ಜನರ ಮಾಹಿತಿ ಹೊರಬಂದಾಗ ಸೇರಿಸಿದ್ದು ಅದು. ಹೊಸ ರೂಪದಲ್ಲಿ ಸೈಟಿನಿಂದ ಅದನ್ನು ತೆಗೆದೇಬಿಟ್ಟರು. ಹೆಚ್ಚಿನ ಸೋರಿಕೆಗಳಲ್ಲಿ ಹುಡುಕಲು ಸಿಗುವುದು ಈಮೇಲೇ, ಅವರ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಕಡೆ ಬ್ಯಾಂಕು, ಗ್ಯಾಸು, ಯುಪಿಐ, ತರಕಾರಿ ಆಪ್, ಎಲ್ಲ ನಿಂತಿರುವುದು ಮೊಬೈಲ್ ನಂಬರ್ ಮೇಲೆ. ನಮ್ಮಮ್ಮನಿಗೆ ಈಮೇಲ್ ಇರುವುದೇ ಫೋನ್ ಅಂಗಡಿಯವರು ಮಾಡಿಕೊಟ್ಟಿದ್ದರಿಂದ. ಅವರಿಗೆ ಈ ಸೈಟ್ ಅರ್ಧ ಉಪಯೋಗ ಅಷ್ಟೇ. ಇಂಗ್ಲಿಷ್ ಬರದಿದ್ದರೆ ಅದೂ ಇಲ್ಲ.

ಇನ್ನೊಂದು ವಿಷಯ. ಇತ್ತೀಚಿನ ದೊಡ್ಡ ದಾಳಿಗಳು ಮಾಡುವ ಹಾನಿಯನ್ನು ಈ ಸೈಟ್ ತೋರಿಸಲಾರದು. 2025ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ದೊಡ್ಡ ಅಂಗಡಿ ಕಂಪನಿ ಮಾರ್ಕ್ಸ್ ಅಂಡ್ ಸ್ಪೆನ್ಸರ್‌ನ ಕಂಪ್ಯೂಟರ್‌ಗಳಿಗೆ ನುಗ್ಗಿದವರು ಬೇರೆ ಯಾರದೋ ಹೆಸರು ಹೇಳಿಕೊಂಡು, ನಂಬಿಸಿ ಒಳಗೆ ಹೋದರು. ಆರು ವಾರ ಆನ್‌ಲೈನ್ ಆರ್ಡರ್ ಬಂದ್, ಲಾಭಕ್ಕೆ ಸುಮಾರು 30 ಕೋಟಿ ಪೌಂಡ್ ಪೆಟ್ಟು ಅಂತ ಕಂಪನಿಯೇ ಅಂದಾಜು ಹೇಳಿತು. ಜುಲೈನಲ್ಲಿ ಪೊಲೀಸರು ಹಿಡಿದ ನಾಲ್ವರ ವಯಸ್ಸು ನೋಡಿದರೆ 17ರಿಂದ 20! ಸೆಪ್ಟೆಂಬರ್‌ನಲ್ಲಿ ಇಂಥದ್ದೇ ದಾಳಿಯಿಂದ ಟಾಟಾದವರ ಜಾಗ್ವಾರ್ ಲ್ಯಾಂಡ್ ರೋವರ್ ಕಾರು ಕಾರ್ಖಾನೆಗಳೇ ವಾರಗಟ್ಟಲೆ ನಿಂತವು, ಬಿಡಿಭಾಗ ಪೂರೈಸುವ ಸಣ್ಣ ಕಂಪನಿಗಳಿಗೂ ಕೆಲಸವಿಲ್ಲದಂತಾಯಿತು. ಕಾರ್ಖಾನೆ ನಿಂತದ್ದಕ್ಕೆ ಈಮೇಲ್ ಹಾಕಿ ಹುಡುಕಿ ಏನು ಮಾಡುವುದು? ಇಷ್ಟಕ್ಕೆ ಸೈಟನ್ನು ಬೈಯುವುದು ಸರಿಯಲ್ಲ ಬಿಡಿ, ಅದರ ಕೆಲಸವೇ ಬೇರೆ. ಆದರೆ ಈಮೇಲ್ ಎಲ್ಲೂ ಸಿಕ್ಕಿಲ್ಲ ಅಂತ ಬಂದರೆ ಎಲ್ಲ ಸುರಕ್ಷಿತ ಅಂತ ಕೂರುವವರನ್ನು ನೋಡಿದ್ದೇನೆ. ಸೋರಿಕೆ ಸೈಟಿನವರ ಕೈಗೆ ಬಂದು ಸೇರುವುದಕ್ಕೇ ಕೆಲವು ಸಲ ತಿಂಗಳುಗಳು, ವರ್ಷಗಳು ಹಿಡಿಯುತ್ತವೆ.

ಹಾಗಾದರೆ ನಂಬಬಹುದಾ? ನಾನು ನಂಬುತ್ತೇನೆ. 2025ರ ಮಾರ್ಚ್‌ನಲ್ಲಿ ಟ್ರಾಯ್ ಹಂಟ್ ಅವರೇ ಒಂದು ನಕಲಿ ಮೇಲ್ ನಂಬಿ ಮೋಸಹೋದರು, ಅವರ ಬ್ಲಾಗಿನ ಸುಮಾರು 16 ಸಾವಿರ ಚಂದಾದಾರರ ಈಮೇಲ್ ಕಳ್ಳರ ಪಾಲಾಯಿತು. ಮುಚ್ಚಿಡಲಿಲ್ಲ ಪುಣ್ಯಾತ್ಮ. ಕೂಡಲೇ ಬರೆದು ಹೇಳಿದರು, ಆ ಸೋರಿಕೆಯನ್ನು ತಮ್ಮದೇ ಸೈಟಿಗೆ ಸೇರಿಸಿದರು. ಮಾಹಿತಿ ಕಳೆದುಕೊಂಡು ತಿಂಗಳುಗಟ್ಟಲೆ ಬಾಯಿ ಬಿಡದ ಕಂಪನಿಗಳನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ನನ್ನ ಲೆಕ್ಕದಲ್ಲಿ 5ಕ್ಕೆ 4. ಸುಮ್ನೆ ಒಂದು ಸಲ ನೋಡಿ ಬಿಡಬೇಡಿ. ಹೊಸ ಸೋರಿಕೆಯಲ್ಲಿ ನಿಮ್ಮ ಈಮೇಲ್ ಕಂಡರೆ ಮೇಲ್ ಕಳಿಸುವ ಸೌಲಭ್ಯ ಇದೆ, ಅದೂ ಬಿಟ್ಟಿಯೇ, ಹಾಕಿಸಿಕೊಳ್ಳಿ. ಖಚಿತಪಡಿಸುವ ಮೇಲ್ ಬರದಿದ್ದರೆ ಸ್ಪ್ಯಾಮ್ ಫೋಲ್ಡರ್‌ನಲ್ಲಿ ಹುಡುಕಿ, ಮನೆಯಲ್ಲಿ ಹಿರಿಯರಿದ್ದರೆ ಅವರದನ್ನು ನೀವೇ ಕೂತು ಮಾಡಿಕೊಡಿ.