ಗ್ರಾಫ್ಲೆಕ್ಸ್ ಹಿಡಿಕಿ: ಅಸಲಿ, ಹೊರಗಿನ ರೆಪ್ಲಿಕಾ, ನಮ್ಮ ಉದ್ಯಮಬಾಗದ ಮಾಲು

ಸ್ಟಾರ್ ವಾರ್ಸ್ ಹುಚ್ಚು ಇದ್ದೋರಿಗೆ ಗೊತ್ತೇ ಐತಿ, ಇಲ್ದೋರಿಗೆ ಎರಡು ಮಾತ್ನ್ಯಾಗ ಹೇಳ್ತೀನಿ. 1977ರ ಮೊದಲ್ನೇ ಸಿನಿಮಾದಾಗ ಲ್ಯೂಕ್ ಸ್ಕೈವಾಕರ್ ಹಿಡ್ಕೊಂಡ ಬೆಳಕಿನ ಕತ್ತಿ ಐತೆಲ್ಲಾ, ಅದರ ಹಿಡಿಕಿ ಹೊಸದಾಗಿ ಮಾಡ್ಸಿದ್ದಲ್ಲ. ಸೆಟ್ ಡೆಕೊರೇಟರ್ ರೋಜರ್ ಕ್ರಿಶ್ಚಿಯನ್ ಅನ್ನೋರಿಗೆ ಲಂಡನ್ನಿನ ಒಂದು ಕ್ಯಾಮೆರಾ ಅಂಗಡ್ಯಾಗ ಗ್ರಾಫ್ಲೆಕ್ಸ್ ಅನ್ನೋ ಅಮೆರಿಕಾದ ಕ್ಯಾಮೆರಾ ಕಂಪನಿದು ಹಳೆ ಫ್ಲ್ಯಾಶಿನ ಹಿಡಿಕಿ ಸಿಕ್ಕು, ಅದಕ್ಕ ಕರೀ ಪಟ್ಟಿ ಅಂಟಿಸಿ, ಕ್ಲ್ಯಾಂಪಿನ್ಯಾಗ ಕ್ಯಾಲ್ಕ್ಯುಲೇಟರಿಂದು ಗುಳ್ಳಿ ಗುಳ್ಳಿ ಪ್ಲಾಸ್ಟಿಕ್ ಸಿಗಿಸಿ ಕತ್ತಿ ಮಾಡಿಬಿಟ್ರು. ಆ ಸಿನಿಮಾದ ಆರ್ಟ್ ಡೈರೆಕ್ಷನ್ನಿಗೆ ಆಸ್ಕರ್ ಬಂತು, ಅದ್ರಾಗ ಇವರದೂ ಹೆಸರೈತಿ. ಅವತ್ತಿಂದ ಫೋಟೊ ತಗ್ಯೋರಿಗೆ ಬೇಕಾಗಿದ್ದ ಸಾಮಾನು ನಮ್ಮಂಥೋರ ಪಾಲಾತು.

ಈಗ ನನ್ನ ಮೇಜಿನ ಮ್ಯಾಲೆ ಕೂಡಿರೋದು: ನಂದೊಂದು ಅಸಲಿ, ಒಳಗ ಮೂರು ಟಾರ್ಚ್ ಸೆಲ್ ಹಿಡಿಯೋದು, ಪುಣೆದಾಗಿನ ಗೆಳೆಯಾ ಕೊಟ್ಟು ಕಳ್ಸಿದ ಇನ್ನೂ ಹಳೇದೊಂದು, ಹೊರದೇಶದಿಂದ ತರ್ಸಿದ ರೆಪ್ಲಿಕಾ ಅಂದ್ರ ನಕಲು, ಮತ್ತ ನಾನs ನಮ್ಮ ಬೆಳಗಾವಿಯ ಕಾರ್ಖಾನಿ ಪ್ರದೇಶ ಉದ್ಯಮಬಾಗದಾಗ ಲೇಥ್ ಮ್ಯಾಲೆ ಮಾಡ್ಸಿದ್ದು. ಎಲ್ಲಾ ತಿರುವಿ ಮುರುವಿ ನೋಡೇನಿ, ಬಿಚ್ಚೇನಿ, ಜೋಡ್ಸೇನಿ.

ಮೊದ್ಲ ಅಸಲಿ ಎರಡರದ ಮಾತು. ಎಲ್ಲಾರೂ ಬುಡದಾಗಿನ ಹೆಸರು ನೋಡ್ತಾರ. ನೋಡಬೇಕು ಖರೆ, ಯಾಕಂದ್ರ ಕಂಪನಿ ಹೆಸರು 1945ರ ತನಕ ಫೋಲ್ಮರ್ ಗ್ರಾಫ್ಲೆಕ್ಸ್ ಕಾರ್ಪೊರೇಷನ್, ಆಮ್ಯಾಲೆ ಬರೇ ಗ್ರಾಫ್ಲೆಕ್ಸ್ ಇಂಕ್. ಗೆಳೆಯಾಂದು ಫೋಲ್ಮರ್, ನಂದು ಇಂಕ್. ಕಂಪನಿ ಇದ್ದ ಊರ ಹೆಸರಿನ ಜೋಡಿ ರೋಚೆಸ್ಟರ್ 8 ಅಂತ ನಂಬರ್ ಇತ್ತಂದ್ರ ಅದು ಅಮೆರಿಕಾದ ಹಳೆ ಪೋಸ್ಟಲ್ ಝೋನ್, 1943ಕ್ಕ ಶುರುವಾಗಿ 1963ರಾಗ ಐದಂಕಿ ಪಿನ್ ಕೋಡ್ ಬರೋತನಕ ನಡದಿದ್ದು, ಅಂದ್ರ ಅದೂ ಒಂದು ಗುರುತು. ಆದ್ರ ಈ ಹೆಸರು ಇರೋದು ಬುಡದ ಮ್ಯಾಲಷ್ಟ. ಮ್ಯಾಲಿನ ಭಾಗ, ಕೆಳಗಿನ ಭಾಗ, ನಡುವಿನ ಕ್ಲ್ಯಾಂಪ್, ಈ ಮೂರೂ ಬ್ಯಾರೆ ಬ್ಯಾರೆ ಬಿಚ್ಚಿ ಬರ್ತಾವು, ಮಾರೋರು ಒಂದರ ತಲಿ ಇನ್ನೊಂದರ ಬುಡಕ್ಕ ಹಾಕಿ ಮಾರ್ತಾರ, ಬುಡ ನೋಡಿ ನೀವು ಖುಷಿ ಪಡ್ತೀರಿ, ಮ್ಯಾಲಿಂದು ಯಾವ ಕಾಲದ್ದೋ ಏನೋ. ಅದ್ಕ ನಾ ಬಣ್ಣ ನೋಡ್ತೀನಿ. ಹಿತ್ತಾಳಿ ಮ್ಯಾಲೆ ಪ್ಲೇಟಿಂಗ್ ಇದ್ದಿದ್ದು ಸವೆದಲ್ಲಿ ಹಳದಿ ಇಣುಕ್ತೈತಿ, ಆ ಸವೆತ ಎರಡೂ ಭಾಗದಾಗ ಒಂದs ನಮೂನಿ ಇರಬೇಕು. ಮ್ಯಾಲೆ ಥಳಥಳ, ಕೆಳಗ ಮಾಸಿದ್ದು ಅಂದ್ರ ಅವೆರಡೂ ಒಂದ ಮನ್ಯಾಗ ಬೆಳೆದ ಮಕ್ಕಳಲ್ಲ ಅಂತ ತಿಳ್ಕೋರಿ.

ಕ್ಲ್ಯಾಂಪ್ ಅಗ್ದಿ ಮುಖ್ಯ. ಹಿಡಿಕಿನ್ನ ಕ್ಯಾಮೆರಾಕ್ಕ ಹಿಡ್ಸೋದು ಅದs, ಲಿವರ್ ಮಡಚಿದ್ರ ಬಿಗೀತೈತಿ. ಅದರ ಮೈಮ್ಯಾಲೆ ಎರಡು ಎತ್ತರದ ಅಂಚು ಇರ್ತಾವು, ಸಿನಿಮಾದಾಗ ಗುಳ್ಳಿ ಪಟ್ಟಿ ಕುಂತಿದ್ದು ಅವೆರಡರ ನಡುವ. ಅದs ಸಿನಿಮಾದಾಗಿನ ಲ್ಯೂಕ್‌ನ ಗುರು ಓಬಿ ವಾನ್ ಕೆನೋಬಿ ಕತ್ತಿಗೂ ಗ್ರಾಫ್ಲೆಕ್ಸ್ ಕ್ಲ್ಯಾಂಪ್ ಬಳಸ್ಯಾರ, ಹಿಂಗಾಗಿ ಬರೇ ಕ್ಲ್ಯಾಂಪ್ ಬೇಕನ್ನೋ ಮಂದಿನೂ ಬಾಳ, ಕ್ಲ್ಯಾಂಪ್ ಇಲ್ದ ಬೋಳು ಹಿಡಿಕಿ ಮಾರ್ಕೆಟ್ಟಿನ್ಯಾಗ ಕಾಣೋದು ಇದ್ಕs. ಫೋಟೊದಾಗ ಕ್ಲ್ಯಾಂಪ್ ಪೂರ್ತಿ ಕಾಣ್ಲಿಲ್ಲಂದ್ರ ಇನ್ನೊಂದು ಫೋಟೊ ಕೇಳ್ರಿ, ಕೊಡ್ಲಿಲ್ಲಂದ್ರ ಬಿಟ್ಟುಬಿಡ್ರಿ.

ಮತ್ತ ಎರಡು ಸೆಲ್ಲಿಂದು ಬ್ಯಾರೆ, ಮೂರು ಸೆಲ್ಲಿಂದು ಬ್ಯಾರೆ. ಸಿನಿಮಾದ್ದು ಮೂರು ಸೆಲ್ಲಿಂದು. ದೊಡ್ಡ ಟಾರ್ಚ್ ಸೆಲ್ ಒಂದು ಸುಮಾರು 61 ಮಿಲಿಮೀಟರ್ ಉದ್ದ, 34 ಅಗಲ, ಮೂರು ಕೂಡಿದ್ರ 18 ಸೆಂಟಿಮೀಟರ್ ದಾಟ್ತೈತಿ, ಹಂಗಾಗಿ ಬರೇ ಕೊಳವಿನೂ ಅದಕ್ಕಿಂತ ಗಿಡ್ಡ ಇರಾಕ ಸಾಧ್ಯನs ಇಲ್ಲ. ಖಡೇಬಜಾರ್ ಕಡೆ ಒಂದು ಹಳೆ ಸ್ಟುಡಿಯೊದಾಗ ಹಿಂಗs ಒಂದು ಹಿಡಿಕಿ ಐತಿ ಅಂತ ಕೇಳಿ ಓಡೋಡಿ ಹೋಗಿದ್ದೆ, ಅಜ್ಜಾರು ಪ್ರೀತಿಲೆ ಪೆಟ್ಟಿಗಿ ತೆಗದು ತೋರ್ಸಿದ್ರು, ಎರಡು ಸೆಲ್ಲಿಂದು. ರಿಫ್ಲೆಕ್ಟರ್, ವೈರು, ಸುಟ್ಟ ಬಲ್ಬು ಎಲ್ಲಾ ಜೋಡಿಲೇ ಇತ್ತು. ಅಂಥದ್ದನ್ನ ಯಾರೂ ಕತ್ತಿ ಮಾಡಾಕ ಒಡೀಬ್ಯಾಡ್ರಿ ಮತ್ತ. ಇಂಥ ಫ್ಲ್ಯಾಶ್ ಹಚ್ಚತಿದ್ದ ಗ್ರಾಫ್ಲೆಕ್ಸ್ ಕಂಪನಿ ಸ್ಪೀಡ್ ಗ್ರಾಫಿಕ್ ಅಂದ್ರ ಸುಮ್ನ ಕ್ಯಾಮೆರಾ ಅಲ್ಲ, 1945ರಾಗ ಇವೊ ಜಿಮಾ ಗುಡ್ಡದ ಮ್ಯಾಲೆ ಸಿಪಾಯಿಗಳು ಬಾವುಟ ಎತ್ತೋ ಫೋಟೊ ಐತೆಲ್ಲಾ, ಜೋ ರೋಸೆಂತಾಲ್ ಅದನ್ನ ತಗದಿದ್ದು ಇದರಾಗs. ಕ್ಯಾಮೆರಾ ಮಂದಿ ನಮ್ಮ ಮ್ಯಾಲೆ ಸಿಟ್ಟಾಗೋದ್ರಾಗ ಏನೂ ತಪ್ಪಿಲ್ಲ.

ಈಗ ಹೊರದೇಶದ ರೆಪ್ಲಿಕಾ. ಫೋಟೊದಾಗ ಅಗ್ದಿ ಮಸ್ತ್. ಕೈಯಾಗ ತಗೊಂಡ ಕೂಡ್ಲೆ ಗೊತ್ತಾಗ್ತೈತಿ, ಹಗುರ. ಅಲ್ಯುಮಿನಿಯಂ, ಹಿತ್ತಾಳಿದ ಮೂರರಾಗ ಒಂದು ಪಾಲಿನಷ್ಟೂ ತೂಕ ಇಲ್ಲ. ಅದನ್ನ ಮುಚ್ಚಾಕ ಗೋಡೆ ದಪ್ಪ ಇಟ್ಟಾರ, ಬಾಯಿ ಕಡೆಯಿಂದ ಇಣುಕಿದ್ರ ಕೊಳವಿ ಅಂಚು ತೋರದ್ದು ಕಾಣ್ತೈತಿ, ಅಸಲಿದ್ರಾಗ ಅಂಚು ತೆಳು ತಗಡು. ಕೆಂಪು ಬಟನ್ ಲಿಪ್‌ಸ್ಟಿಕ್ ಬಣ್ಣ, ಅಸಲಿದು ಇನ್ನೂ ಗಾಢ. ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡ್ರಿ ಅಂತ ಭಾಳ ಮಂದಿ ಹೇಳ್ತಾರ, ಅದು ಉಕ್ಕಿನ ನಕಲಿಗಷ್ಟ ನಡೀತೈತಿ, ಅಲ್ಯುಮಿನಿಯಮ್ಮಿಗೂ ಹಿತ್ತಾಳಿಗೂ ಅಯಸ್ಕಾಂತ ಅಂಟಂಗಿಲ್ಲ, ಎರಡೂ ಪಾಸ್ ಆಗಿಬಿಡ್ತಾವು.

ಅದಕ್ಕಿಂತ ಸ್ಕ್ರೂ ಪರೀಕ್ಷೆ ಚಲೊ. ಅಮೆರಿಕಾದ ಆ ಕಾಲದ ಮಾಲು ಇಂಚಿನ ಲೆಕ್ಕದ್ದು. ಉದಾಹರಣೆಗೆ ಇಂಚಿಗೆ 40 ಥ್ರೆಡ್ ಇರೋ ಸ್ಕ್ರೂ ಅಂದ್ರ ಒಂದು ಸುತ್ತಿಗೆ 0.635 ಮಿಲಿಮೀಟರ್, ನಮ್ಮ ಪ್ಯಾಟ್ಯಾಗ ಸಿಗೋ ಎಂ3 ಸ್ಕ್ರೂ ಒಂದು ಸುತ್ತಿಗೆ 0.5. ಕಣ್ಣಿಗೆ ಒಂದs ಕಾಣ್ತಾವು, ಥ್ರೆಡ್ ಗೇಜ್ ಹಚ್ಚಿದ್ರ ತಕ್ಷಣ ಬಯಲು. ನನ್ನ ರೆಪ್ಲಿಕಾದ್ದು ಮೆಟ್ರಿಕ್. ಗೇಜ್ ಇಲ್ಲಂದ್ರ ಬಿಚ್ಚಿದ ಸ್ಕ್ರೂನ್ನ ಗೊತ್ತಿದ್ದ ಎಂ3 ನಟ್ಟಿಗೆ ಬೆರಳಿಲೆ ಮೆಲ್ಲಕ ತಿರುವಿ ನೋಡ್ರಿ, ಇಂಚಿಂದು ಒಂದೆರಡು ಸುತ್ತಿಗೆ ತಡೀತೈತಿ, ಅಲ್ಲೇ ನಿಂದರ್ಸ್ರಿ, ಜೋರು ಮಾಡಿದ್ರ ಎಂಬತ್ತು ವರ್ಷದ ಥ್ರೆಡ್ ಹೋತು. ಈ ಪರೀಕ್ಷೆ ಹಿಡಿಕಿ ತೂತಿನ್ಯಾಗ ಮಾಡ್ಬ್ಯಾಡ್ರಿ.

ಉದ್ಯಮಬಾಗದ್ದು ನನಗ ಎಲ್ಲಾಕ್ಕಿಂತ ಖುಷಿ ಕೊಟ್ಟಿದ್ದು. ಪಂಪು, ವಾಲ್ವು, ವಿಮಾನದ ಪಾರ್ಟು ಮಾಡೋ ಊರು ನಮ್ಮದು, ಇದೊಂದು ಕೊಳವಿ ಏನು ದೊಡ್ಡದಲ್ಲ. ಲೇಥ್ ಕಾಕಾ ವರ್ನಿಯರ್ ಹಚ್ಚಿ ಅಸಲಿದ್ದನ್ನ ಅಳದು, "ಏನಪಾ, ಟಾರ್ಚ್ ಮಾಡಾಕತ್ತೀಯೇನ?" ಅಂದ್ರು. "ಹೂಂ ಕಾಕಾ, ಹಂಗs ಅನ್ಕೋರಿ" ಅಂದೆ, ಸ್ಕೈವಾಕರ್ ಕಥಿ ಎಲ್ಲಿ ಶುರು ಮಾಡ್ಲಿ. ಹಿತ್ತಾಳಿ ಪೈಪ್ ತಗೊಂಡು ಒಳಗ ಬೋರ್ ಮಾಡಿ, ಹೊರಗ ತಿರುವಿ, ನಿಕಲ್ ಪ್ಲೇಟಿಂಗ್ ಮಾಡ್ಸಿದ್ವಿ. ಕೊಳವಿ ಪಾಸ್, ತೂಕ ಹತ್ರ ಹತ್ರ, ಬುಡದ ಥ್ರೆಡ್ ರೆಪ್ಲಿಕಾಕ್ಕಿಂತ ನಯ. ಖರ್ಚು ಹೊರದೇಶದ್ದಕ್ಕಿಂತ ಕಮ್ಮಿ, ಕಸ್ಟಮ್ಸ್ ಡ್ಯೂಟಿ ರಗಳಿ ಇಲ್ಲ. ಪ್ಲೇಟಿಂಗ್ ಒಂದು ಅತೀ ಹೊಸದು ಕಾಣ್ತೈತಿ, ನಾ ಅದನ್ನ ಹಂಗs ಬಿಟ್ಟೇನಿ, ತಿಕ್ಕಿ ಹಳೇದು ಮಾಡಿ ಅಸಲಿ ಅಂತ ಯಾರಿಗೋ ದಾಟಿಸೋ ಮಂದಿ ಅದಾರ, ಆ ಧಂದೆ ನಮಗ ಬ್ಯಾಡ. ಬುಡದ ಮ್ಯಾಲೆ ಗ್ರಾಫ್ಲೆಕ್ಸ್ ಅಂತನೂ ಕೊರ್ಸಿಲ್ಲ, ಬರೇ ಬೆಳಗಾವಿ ಅಂತ ಐತಿ.

ಗುಳ್ಳಿ ಪಟ್ಟಿದೂ ಹೇಳೇಬಿಡ್ತೀನಿ. ಅಸಲಿ ಅಂದ್ರ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಕ್ಸಾಕ್ಟ್ರಾ ಕ್ಯಾಲ್ಕ್ಯುಲೇಟರಿಂದು, ಸಣ್ಣ ಕೆಂಪು ಅಂಕಿ ದೊಡ್ಡದು ಕಾಣ್ಲಿ ಅಂತ ಇಟ್ಟ ಲೆನ್ಸು ಅದು. ತ್ರೀಡಿ ಪ್ರಿಂಟ್ ರೆಸಿನ್ನಿಂದು ಸೋವಿ, ಆದ್ರ ಕಿಡಕಿ ಹತ್ರ ಇಟ್ರ ನಮ್ಮ ಬ್ಯಾಸಗಿಗೆ ಹಳದಿ ತಿರುಗ್ತೈತಿ, ಕಪಾಟಿನ್ಯಾಗಿಟ್ರ ನಡೀತೈತಿ. 1980ರ ಎರಡನೇ ಸಿನಿಮಾದ ಕತ್ತಿ ಮಾಡೋರಿಗೆ ಈ ತಲಿಬ್ಯಾನಿನs ಇಲ್ಲ, ಆ ಜಾಗಕ್ಕ ಸರ್ಕ್ಯೂಟ್ ಕಾರ್ಡಿನ ತುದಿ ಬಂದೈತಿ.

ಉದ್ಯಮಬಾಗದ್ದು ಸೋತಿದ್ದು ಕ್ಲ್ಯಾಂಪಿನ್ಯಾಗ ಅಷ್ಟ. ಅಸಲಿದು ತಗಡು ಒತ್ತಿ ಮಡಚಿದ್ದು, ಲಿವರ್ ಮಡಚಿದಾಗ ಸ್ಪ್ರಿಂಗ್ ಹಂಗ ಹಿಡೀತೈತಿ, ನಮ್ಮದು ಗಟ್ಟಿ ತುಂಡಿನ್ಯಾಗ ಕೊರದಿದ್ದು, ಹಿಡಿಯೋ ಬದ್ಲಿ ಪ್ಲೇಟಿಂಗ್ ಕೆರೀತೈತಿ. ಡೈ ಅಂದ್ರ ತಗಡು ಒತ್ತೋ ಅಚ್ಚು ಮಾಡ್ಸಿ ಪ್ರೆಸ್ಸಿಗೆ ಹಾಕಿದ್ರ ಸರಿ ಬರ್ತೈತಿ ಅಂದಾರ ಕಾಕಾ, ಆದ್ರ ಒಂದು ಕ್ಲ್ಯಾಂಪಿಗೆ ಡೈ ಖರ್ಚು ಒಬ್ಬನ ಕೈಲೆ ಆಗಂಗಿಲ್ಲ. ಬೆಳಗಾವಿ, ಹುಬ್ಬಳ್ಳಿ, ಕೊಲ್ಲಾಪುರ ಕಡೆ ಯಾರರ ನಾಕು ಮಂದಿ ಪಾಲು ಕೂಡ್ತೀರಂದ್ರ ಹೇಳ್ರಿ, ಅಳತಿ ಎಲ್ಲಾ ತಗದಿಟ್ಟೇನಿ.