ಸಿಂಗಾಪುರದ ಫುಡ್ ವಾಕ್: ದುಡ್ಡು ಕಟ್ಟುವ ಮುಂಚೆ ಸ್ವಲ್ಪ ವಿಚಾರಿಸಿ

ರಜೆಗೆ ಸಿಂಗಾಪುರಕ್ಕೆ ಹೊರಟವರಿಗೆ ‘ಒಂದೇ ನಡಿಗೆ, ಮೂರು ಸಂಸ್ಕೃತಿ, ಎಂಟು ರುಚಿ’ ಅನ್ನೋ ಥರದ ಫುಡ್ ವಾಕ್ ಜಾಹೀರಾತು, ಅಂದರೆ ಗೈಡ್ ಜೊತೆ ನಡೆಯುತ್ತಾ ಊರಿನ ತಿಂಡಿ ರುಚಿ ನೋಡುವ ಟೂರಿನದು, ಕಣ್ಣಿಗೆ ಬಿದ್ದೇ ಬೀಳುತ್ತದೆ. ಬುಕ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ. ಜೊತೆಗೆ ಸಸ್ಯಾಹಾರಿಗಳು ಬರುತ್ತಿದ್ದರಂತೂ ಪೂರ್ತಿ ಓದಿ.

ನಾನು, ನಮ್ಮ ಯಜಮಾನರು ಎಲ್ಲ ತಿನ್ನುತ್ತೇವೆ. ಅತ್ತೆಯವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಬುಕ್ ಮಾಡುವಾಗಲೇ ಚಾಟ್‌ನಲ್ಲಿ ‘ಮಾಂಸ, ಮೀನು, ಸೀಗಡಿ, ಮೊಟ್ಟೆ ಯಾವುದೂ ಬೇಡ’ ಎಂದು ಬಿಡಿಸಿ ಬರೆದಿದ್ದೆ. ‘ನೋ ಪ್ರಾಬ್ಲಂ’ ಅಂತ ಉತ್ತರ ಬಂತು. ತಲೆಗೆ 95 ಸಿಂಗಾಪುರ್ ಡಾಲರ್. ಅಲ್ಲಿನ ಹಾಕರ್ ಸೆಂಟರ್‌ನಲ್ಲಿ, ಅಂದರೆ ಸಾಲು ಸಾಲು ಊಟದ ಅಂಗಡಿಗಳಿರುವ ಕಟ್ಟಡದಲ್ಲಿ, ಐದಾರು ಡಾಲರಿಗೆ ಒಂದು ಹೊತ್ತಿನ ಚಿಕನ್ ರೈಸ್ ಸಿಗುತ್ತದೆ. ಹಾಗಾಗಿ ಈ ದುಡ್ಡಿನಲ್ಲಿ ಜಾಸ್ತಿ ಪಾಲು ತಿಂಡಿಗಲ್ಲ, ಗೈಡ್‌ಗೆ ಗೊತ್ತಿರುವ ಊರಿನ ಕಥೆಗೆ. ಅದಕ್ಕೆ ಕೊಡಲು ನನಗೆ ಬೇಜಾರಿರಲಿಲ್ಲ.

ಕಥೆಯೇ ಇರಲಿಲ್ಲ. ಚೈನಾಟೌನ್‌ನ ಸೌತ್ ಬ್ರಿಡ್ಜ್ ರೋಡ್‌ನಲ್ಲಿ 1827ರಷ್ಟು ಹಳೆಯ ಶ್ರೀ ಮಾರಿಯಮ್ಮನ್ ದೇವಸ್ಥಾನವಿದೆ. ಅಲ್ಲೇ ಹತ್ತಿರದಲ್ಲಿ ತಮಿಳು ಮುಸ್ಲಿಮರು ಕಟ್ಟಿಸಿದ ಮಸೀದಿ. ಇನ್ನೊಂದಿಷ್ಟು ಮುಂದೆ ಹೋದರೆ ಬುದ್ಧನ ಹಲ್ಲಿನ ದೇವಾಲಯ. ಈ ಊರು ಹೇಗೆ ಬೆಳೆಯಿತು ಅಂತ ಹೇಳಲು ಇದಕ್ಕಿಂತ ಒಳ್ಳೆ ರಸ್ತೆ ಬೇಕಾ? ಅತ್ತೆ ಗೋಪುರಕ್ಕೆ ಕೈಮುಗಿದು, “ಇದನ್ನ ಯಾರು ಕಟ್ಟಿಸಿದ್ದು ಕೇಳಮ್ಮ” ಅಂದರು. ಗೈಡ್ ಹುಡುಗ ಫೋನಿನಿಂದ ತಲೆ ಎತ್ತದೆ “ವೆರಿ ಓಲ್ಡ್ ಟೆಂಪಲ್” ಅಂದ. 1819ರಲ್ಲಿ ಪೆನಾಂಗ್‌ನಿಂದ, ಈಗಿನ ಸಿಂಗಾಪುರಕ್ಕೆ ಬುನಾದಿ ಹಾಕಿದ ಬ್ರಿಟಿಷ್ ಅಧಿಕಾರಿ ರಾಫಲ್ಸ್ ಜೊತೆ ಬಂದ ನಾರಾಯಣ ಪಿಳ್ಳೆ ಅನ್ನುವವರು ಕಟ್ಟಿಸಿದ್ದು ಅಂತ ಆಮೇಲೆ ಹೋಟೆಲಿಗೆ ಬಂದು ನಾನೇ ಹುಡುಕಿ ಹೇಳಿದೆ.

ಅಲ್ಲಿಂದ ಸೀದಾ ಒಂದು ಅಂಗಡಿಗೆ ನುಗ್ಗಿಸಿದ. ಒಳಗೆ ಎಸಿ, ಸಾಲಾಗಿ ಸ್ಟೂಲು, ಬಾಗಿಲ ಹತ್ತಿರ ನಿಂತ ಸೇಲ್ಸ್ ಹುಡುಗಿ. ಹಕ್ಕಿಗೂಡಿನ ಪಾನೀಯ, ನೋವಿನ ಮುಲಾಮು, ಡುರಿಯನ್ ಚಾಕೊಲೇಟ್. ಹೆಬ್ಬೆರಳಿನಷ್ಟು ಲೋಟದಲ್ಲಿ ಒಂದು ಗುಟುಕು ಟೀ ಕೊಟ್ಟರು, ಕಡ್ಡಿಗೆ ಚುಚ್ಚಿದ ಪೈನಾಪಲ್ ಟಾರ್ಟಿನ ಒಂದು ಚೂರು ಕೊಟ್ಟರು. ಎಂಟು ರುಚಿಯಲ್ಲಿ ಎರಡು ಮುಗಿದವಂತೆ! ಯಾರೂ ಏನೂ ಕೊಳ್ಳಲಿಲ್ಲ. ಹುಡುಗನ ಮುಖ ಸಣ್ಣಗಾಯಿತು.

ಕೊನೆಗೆ ಹಾಕರ್ ಸೆಂಟರ್ ತಲುಪುವಾಗ ಮಧ್ಯಾಹ್ನ ಮೂರೂವರೆ. ಎಷ್ಟೋ ಅಂಗಡಿಗಳು ಶಟರ್ ಎಳೆದಿದ್ದವು. ಅಲ್ಲಿ ಮಾಡಿದ್ದು ಖಾಲಿಯಾದರೆ ಅಂಗಡಿ ಮುಚ್ಚುತ್ತಾರೆ, ಸಂಜೆವರೆಗೆ ಕಾಯುವುದಿಲ್ಲ. ತೆರೆದಿದ್ದ ಒಂದರಲ್ಲಿ ಅವನು ಲಕ್ಸಾ ಹೇಳಿದ. ತೆಂಗಿನ ಹಾಲಿನ ಕೆಂಪು ಸಾರು, ಅದರಲ್ಲಿ ದಪ್ಪ ಅಕ್ಕಿ ಶಾವಿಗೆ. ಮೇಲಿದ್ದ ಸೀಗಡಿ, ಚಿಪ್ಪಿನ ಮಾಂಸ ತೆಗೆಸಿ ಅತ್ತೆ ಮುಂದೆ ಇಟ್ಟು “ನೌ ವೆಜ್” ಅಂದ. ಅತ್ತೆ ಚಮಚ ಎತ್ತಿದ್ದರು. ಅಷ್ಟರಲ್ಲಿ ಅಂಗಡಿಯ ಆಂಟಿ ಒಳಗಿನಿಂದ ಓಡಿ ಬಂದರು. ಅತ್ತೆಯ ಕುಂಕುಮ ನೋಡಿರಬೇಕು. ಬೆರಳಾಡಿಸುತ್ತಾ “ನೋ, ನೋ” ಅಂದು, ಒಂದು ಪ್ಲಾಸ್ಟಿಕ್ ಡಬ್ಬಿ ತಂದು ಮುಚ್ಚಳ ತೆಗೆದು ತೋರಿಸಿದರು. ಒಣ ಸೀಗಡಿ. ಸಾರಿನ ಮಸಾಲೆಗೇ ರುಬ್ಬಿ ಹಾಕಿರುತ್ತಾರೆ, ಮೇಲಿನದು ತೆಗೆದರೆ ಏನು ಬಂತು? ದುಡ್ಡು ತಗೊಂಡ ಗೈಡ್ ಮಾಡಬೇಕಾದ ಕೆಲಸ ಆ ಪುಣ್ಯಾತ್ಗಿತ್ತಿ ಮಾಡಿದರು.

ಆಮೇಲೆ ಅವನು ತಂದಿದ್ದು ಕ್ಯಾರೆಟ್ ಕೇಕ್. ಅದು ಮೂಲಂಗಿ, ಅಕ್ಕಿ ಹಿಟ್ಟಿನದು, ಮೊಟ್ಟೆ ಹಾಕಿ ಹುರಿದದ್ದು. ಎಷ್ಟೋ ಕಡೆ ಹಂದಿ ಕೊಬ್ಬಿನಲ್ಲೇ ಹುರಿಯುತ್ತಾರೆ. ಒಟ್ಟಿನಲ್ಲಿ ಅತ್ತೆಗೆ 95 ಡಾಲರಿಗೆ ಸಿಕ್ಕಿದ್ದು ಕಬ್ಬಿನ ಹಾಲು ಮತ್ತು ಕತ್ತರಿಸಿದ ಕಲ್ಲಂಗಡಿ. ‘ಲಿಟಲ್ ಇಂಡಿಯಾ’ ಅಂತ ಹಾಕಿದ್ದ ಮೂರನೇ ಭಾಗ ಟೈಮ್ ಇಲ್ಲ ಅಂತ ರದ್ದು. ಚೈನಾಟೌನ್‌ನಿಂದ ಅಲ್ಲಿಗೆ ನಾರ್ತ್ ಈಸ್ಟ್ ಲೈನ್ ಮೆಟ್ರೋದಲ್ಲಿ ಮೂರೇ ಸ್ಟಾಪ್, ಗೊತ್ತಾ?

ಗೈಡ್ ಲೈಸೆನ್ಸಿನ ಬ್ಯಾಡ್ಜ್ ಎಲ್ಲಿ ಅಂತ ನಮ್ಮ ಯಜಮಾನರು ಆ ಹುಡುಗನನ್ನು ಕೇಳಿದರು. “ಆಫೀಸಿನಲ್ಲಿದೆ” ಅಂದ. ಸಿಂಗಾಪುರದಲ್ಲಿ ದುಡ್ಡು ತಗೊಂಡು ಗೈಡ್ ಕೆಲಸ ಮಾಡಲು ಅಲ್ಲಿನ ಟೂರಿಸಂ ಬೋರ್ಡಿನ ಲೈಸೆನ್ಸ್ ಬೇಕೇ ಬೇಕು. ಬೋರ್ಡಿನ ವೆಬ್‌ಸೈಟಿನಲ್ಲಿ ಚೆಕ್ ಮಾಡಬಹುದು. ಬುಕ್ ಮಾಡುವಾಗಲೇ ಗೈಡ್ ಹೆಸರು ಕೇಳಿ. ಹೇಳಲು ತಡವರಿಸಿದರೆ ಬಿಟ್ಟುಬಿಡಿ. ಯಾವ ಹಾಕರ್ ಸೆಂಟರ್, ಯಾವ ಅಂಗಡಿ, ಎಷ್ಟು ಗಂಟೆಗೆ ಅಂತಲೂ ಬರೆಸಿಕೊಳ್ಳಿ. ಈ ಸೆಂಟರ್‌ಗಳು ಕ್ಲೀನಿಂಗ್‌ಗೆಂದು ಆಗಾಗ ಮುಚ್ಚುತ್ತವೆ, ಆ ದಿನಾಂಕಗಳು ಮೊದಲೇ ಪ್ರಕಟವಾಗಿರುತ್ತವೆ. ‘ಯುನೆಸ್ಕೋ ಪಟ್ಟಿಯ ಊಟ’ ಅನ್ನೋ ಮಾತಿಗೆ ಮರುಳಾಗಬೇಡಿ. 2020ರಲ್ಲಿ ಆ ಮನ್ನಣೆ ಸಿಕ್ಕಿದ್ದು ಅಲ್ಲಿನ ಹಾಕರ್ ಸಂಸ್ಕೃತಿಗೆ, ಯಾವ ಟೂರ್ ಕಂಪನಿಗೂ ಅಲ್ಲ.

ಸಸ್ಯಾಹಾರಿಗಳು ಸುಮ್ನೆ ತಾವೇ ಹೋಗುವುದು ವಾಸಿ. ಬುದ್ಧನ ಹಲ್ಲಿನ ದೇವಾಲಯದ ನೆಲಮಾಳಿಗೆಯಲ್ಲೇ ಸಸ್ಯಾಹಾರದ ಊಟವಿದೆ. ಚೀನೀ ಬೌದ್ಧರ ಅಂಗಡಿಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ಕೂಡ ಹಾಕದವರಿದ್ದಾರೆ. ಸೋಯಾದಲ್ಲಿ ಮಾಡಿದ ‘ಬಾತುಕೋಳಿ’ ನೋಡಿ ಗಾಬರಿಯಾಗಬೇಡಿ ಅಷ್ಟೇ. ಲಿಟಲ್ ಇಂಡಿಯಾದ ಸೆರಂಗೂನ್ ರೋಡ್‌ನಲ್ಲಿ 1947ರಿಂದ ಇರುವ ಸಸ್ಯಾಹಾರಿ ಹೋಟೆಲ್ ಕೋಮಲ ವಿಲಾಸ್ ಹೇಗೂ ಇದೆ. ಬೇರೆ ಕಡೆ ರೋಜಕ್ (ಹಣ್ಣು, ತರಕಾರಿ ಕಲಸಿದ ಸಲಾಡ್), ಸಂಬಲ್ ಅನ್ನೋ ಮೆಣಸಿನಕಾಯಿ ಚಟ್ನಿ ಹಾಕಿದ ಸೊಪ್ಪು ಇಂಥವು ಕಂಡರೆ ಕೇಳಿಯೇ ತಿನ್ನಿ. ನೋಡಲು ಬರೀ ತರಕಾರಿ, ಹಣ್ಣು. ಒಳಗೆ ಸೀಗಡಿ ಪೇಸ್ಟ್.

ದುಡ್ಡು ವಾಪಸ್ ಕೇಳಿದೆ. ‘ಸೇವೆ ಪೂರ್ಣಗೊಂಡಿದೆ’ ಅಂತ ಉತ್ತರ. ಚಾಟಿನ ಸ್ಕ್ರೀನ್‌ಶಾಟ್ ಕಳಿಸಿದ ಮೇಲೆ ಅತ್ತೆಯ ಪಾಲಿನಲ್ಲಿ ಅರ್ಧಕ್ಕೆ ಒಪ್ಪಿದರು, ಅದೂ ವೋಚರ್ ರೂಪದಲ್ಲಿ, ಅವರದೇ ಇನ್ನೊಂದು ಫುಡ್ ವಾಕ್‌ಗೆ.